ಮಿತವ್ಯಯದ ಲಿನಕ್ಸ್ ಗಣಕ: ಯಂತ್ರಾಂಶದ ಆಯ್ಕೆಯನ್ನು ಕುರಿತು

ಲಿನಕ್ಸ್ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲವೆಂಬುದು ಸರ್ವವಿದಿತವಾದ ಸಂಗತಿಯಾಗಿರುವುದರಿಂದ, ಅದನ್ನಾಶ್ರಯಿಸಿ ಕಟ್ಟಿದ ಗಣಕಯಂತ್ರವೂ ತಾನಾಗಿಯೇ ಅಗ್ಗವಾದೀತೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿಯೂ ಶಾಲೆಗಳ ಆಡಳಿತಗಾರರಲ್ಲಿಯೂ ಸಣ್ಣ ಕಚೇರಿಗಳನ್ನು ನಡೆಸುವವರಲ್ಲಿಯೂ ಬೇರೂರಿದೆ. ಈ ನಂಬಿಕೆ ಅರ್ಧ ಸತ್ಯ. ತಂತ್ರಾಂಶದ ಬೆಲೆ ಉಳಿಯುವುದು ನಿಜವೇ ಆದರೂ, ಕೊಂಡ ಯಂತ್ರದ ಒಂದೊಂದು ಅಂಗವನ್ನೂ ಆ ತಂತ್ರಾಂಶವು ಗುರುತಿಸಿ ನಡೆಸಬಲ್ಲುದೇ ಎಂಬುದು ಹಣ ಕೊಡುವ ಮುನ್ನ ವಿಚಾರಿಸಬೇಕಾದ ವಿಷಯ. ವಿಚಾರಿಸದೆ ಕೊಂಡವನು ಕೆಲವು ನೂರು ರೂಪಾಯಿಗಳ ವೈ-ಫೈ ಡಾಂಗಲನ್ನು ನಡೆಸುವುದಕ್ಕಾಗಿ ಹಲವು ಸಂಜೆಗಳನ್ನು ಕಳೆದು, ಕೊನೆಗೆ ಇನ್ನೊಂದನ್ನು ಕೊಂಡು, ಉಳಿಸಿದ ಹಣಕ್ಕಿಂತ ಹೆಚ್ಚನ್ನು ವ್ಯಯಿಸಿರುತ್ತಾನೆ. ಆದುದರಿಂದ ಈ ಪ್ರಶ್ನೆಯನ್ನು ಸಮಗ್ರವಾಗಿ ಪರ್ಯಾಲೋಚಿಸಲು ಹೊರಟವನು ಬೆಲೆಪಟ್ಟಿಯಿಂದ ಆರಂಭಿಸದೆ, ಲಿನಕ್ಸಿಗೂ ಯಂತ್ರಾಂಶಕ್ಕೂ ಇರುವ ಸಂಬಂಧ ಎಂಥದೆಂಬುದರಿಂದ ಆರಂಭಿಸುವುದು ಯುಕ್ತ. ಯಾವ ಅಂಗದ ಗುಣಧರ್ಮಗಳು ಬಹಿರಂಗವಾಗಿವೆಯೋ, ಅನೇಕರ ಕೈಯಲ್ಲಿ ಪಳಗಿ ಲಿನಕ್ಸಿನ ತಿರುಳಾದ ಕರ್ನಲಿನೊಳಗೆ ನೆಲೆಗೊಂಡಿವೆಯೋ, ಅದೇ ಈ ವಿಷಯದಲ್ಲಿ ನಿಜವಾಗಿ ಅಗ್ಗವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ.

೧೯೯೧ರ ಆಗಸ್ಟ್ ತಿಂಗಳಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ತಾವು ರಚಿಸುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯ ವಿಷಯವನ್ನು ಇತರರಿಗೆ ಮೊದಲು ಅರುಹಿದಾಗ, ತಮ್ಮಲ್ಲಿರುವುದು ಎಟಿ ಮಾದರಿಯ ಹಾರ್ಡ್ ಡಿಸ್ಕ್ ಮಾತ್ರವೇ ಆದುದರಿಂದ ಬೇರಾವುದನ್ನೂ ಇದು ಪ್ರಾಯಶಃ ಎಂದಿಗೂ ನಡೆಸಲಾರದೆಂದು ತಿಳಿಸಿದ್ದರು. ೩೮೬ ಪ್ರೊಸೆಸರಿನ ಒಂದು ಸಾಮಾನ್ಯ ಗಣಕ ಅವರ ಮೇಜಿನ ಮೇಲಿತ್ತು. ಅದಕ್ಕೆ ಹೊಂದುವಂತೆ ಅವರು ಬರೆದರು. ಆ ಬಳಿಕ ಬೇರೆ ಬೇರೆ ದೇಶಗಳಲ್ಲಿದ್ದವರು ತಮ್ಮ ತಮ್ಮ ಯಂತ್ರಗಳಿಗೆ ಬೇಕಾದುದನ್ನು ಬರೆದು ಸೇರಿಸಿದರು. ಹೀಗೆ ಲಿನಕ್ಸಿನ ಯಂತ್ರಜ್ಞಾನವು ಯಾವುದೋ ಒಂದು ಸಂಸ್ಥೆಯ ಯೋಜನೆಯಂತೆ ಬೆಳೆಯದೆ, ಬರೆಯಬಲ್ಲವರ ಮನೆಗಳಲ್ಲಿ ಯಾವ ಯಾವ ಯಂತ್ರಗಳಿದ್ದವೋ ಅವುಗಳ ಜಾಡನ್ನು ಹಿಡಿದು ಬೆಳೆಯಿತು. ಇಂದು ದೊಡ್ಡ ದೊಡ್ಡ ಕಂಪನಿಗಳು ಸಂಬಳ ಕೊಟ್ಟು ಈ ಕೆಲಸವನ್ನು ಮಾಡಿಸುತ್ತಿರುವುದಾದರೂ, ಬಹುಜನರಲ್ಲಿರುವ, ಮುಚ್ಚುಮರೆಯಿಲ್ಲದ ಯಂತ್ರಕ್ಕೆ ಇಲ್ಲಿ ಸ್ವಾಗತ ಬೇಗ ದೊರೆಯುವುದೆಂಬ ಮೂಲಗುಣ ಮಾತ್ರ ಹಾಗೆಯೇ ಉಳಿದಿದೆ.

ಮುಚ್ಚುಮರೆಯ ಪ್ರಶ್ನೆಯು ಲಿನಕ್ಸಿಗಿಂತಲೂ ಹಳೆಯದು. ೧೯೮೦ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರೊಂದು ಬಂದಿತು. ಅದರಲ್ಲಿ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ತಿಳಿಯುವಂತೆ ಮಾಡಿದ್ದ ರಿಚರ್ಡ್ ಸ್ಟಾಲ್ಮನ್ ಅವರು ಹೊಸದಕ್ಕೂ ಅದೇ ಉಪಾಯವನ್ನು ಮಾಡಹೋದಾಗ, ಅದರ ಮೂಲಪಠ್ಯವು ಅವರಿಗೆ ದೊರೆಯಲಿಲ್ಲ. ಅದನ್ನು ಹೊಂದಿದ್ದ ಬೇರೊಂದು ವಿಶ್ವವಿದ್ಯಾನಿಲಯದ ವಿದ್ವಾಂಸರು ಗೋಪ್ಯತೆಯ ಕರಾರಿಗೆ ಕಟ್ಟುಬಿದ್ದು ಕೊಡಲೊಪ್ಪಲಿಲ್ಲ. ೧೯೮೩ರಲ್ಲಿ ಸ್ಟಾಲ್ಮನ್ ಅವರು ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿಸುವ ಗ್ನೂ ಯೋಜನೆಯನ್ನು ಘೋಷಿಸುವುದಕ್ಕೆ ಕಾರಣವಾದ ಅನುಭವಗಳಲ್ಲಿ ಇದೂ ಒಂದು. ಸ್ವತಂತ್ರ ತಂತ್ರಾಂಶದ ಆಂದೋಲನಕ್ಕೆ ಬೀಜರೂಪವಾದ ಘಟನೆಯಲ್ಲಿ ಒಂದು ಹೊಂದಿಕೆಯಾಗದ ಪ್ರಿಂಟರ್ ಇದೆ ಎಂಬುದನ್ನು ಯಂತ್ರಾಂಶವನ್ನು ಆರಿಸುವವರು ನೆನಪಿನಲ್ಲಿಡುವುದು ಒಳ್ಳೆಯದು.

ಯಂತ್ರದ ಪ್ರತಿಯೊಂದು ಅಂಗವನ್ನೂ ಕಾರ್ಯಾಚರಣ ವ್ಯವಸ್ಥೆಯೊಡನೆ ಕೂಡಿಸುವ ತಂತ್ರಾಂಶದ ತುಣುಕಿಗೆ ಡ್ರೈವರ್ ಎಂದು ಹೆಸರು. ಲಿನಕ್ಸಿಗೆ ಈ ಡ್ರೈವರುಗಳು ಒದಗಿರುವ ಮಾರ್ಗಗಳು ಬೇರೆ ಬೇರೆ. ತಯಾರಕರೇ ಬರೆದು ಕೊಟ್ಟವು ಕೆಲವು. ತಯಾರಕರು ಪ್ರಕಟಿಸಿದ ವಿವರಗಳನ್ನು ನೋಡಿ ಇತರರು ಬರೆದವು ಕೆಲವು. ಯಾವ ವಿವರವೂ ದೊರೆಯದೆ, ಯಂತ್ರದೊಳಗೆ ಹರಿಯುವ ಸಂಕೇತಗಳನ್ನು ತಿಂಗಳುಗಟ್ಟಲೆ ಪರಿಶೀಲಿಸಿ ಊಹೆಯಿಂದ ಕಟ್ಟಿದವು ಇನ್ನು ಕೆಲವು. ಕೊನೆಯ ವರ್ಗದ ಡ್ರೈವರುಗಳನ್ನು ಬರೆದವರ ಪರಿಶ್ರಮ ಅಪಾರವಾದುದು, ಅದಕ್ಕೆ ನಾವೆಲ್ಲರೂ ಋಣಿಗಳು. ಆದರೂ ಹಾಗೆ ಕಟ್ಟಿದ ಡ್ರೈವರ್ ಯಂತ್ರದ ಪೂರ್ಣ ಶಕ್ತಿಯನ್ನು ಹೊರಗೆಡಹುವುದು ವಿರಳ. ಡ್ರೈವರ್ ಎಲ್ಲಿ ನೆಲೆಸಿದೆ ಎಂಬುದೂ ಇಷ್ಟೇ ಮುಖ್ಯವಾದುದು. ಕರ್ನಲಿನ ಮೂಲಪಠ್ಯದೊಳಗೇ ಸೇರಿಕೊಂಡ ಡ್ರೈವರನ್ನು, ಕರ್ನಲಿನ ಒಳರಚನೆ ಬದಲಾದಾಗಲೆಲ್ಲ, ಬದಲಾಯಿಸಿದವರೇ ಸರಿಪಡಿಸುತ್ತಾರೆ. ಕೊಂಡವನಿಗೆ ಅದರ ಅರಿವೂ ಆಗುವುದಿಲ್ಲ. ಹೊರಗಿನಿಂದ ತಂದು ಸೇರಿಸಬೇಕಾದ ಡ್ರೈವರಾದರೋ ಪ್ರತಿಯೊಂದು ಪರಿಷ್ಕರಣದ ಹೊತ್ತಿಗೂ ಮುರಿಯುವ ಸಂಭವವುಳ್ಳದ್ದು. ತಯಾರಕನು ಒಮ್ಮೆ ಕೈಬಿಟ್ಟನೆಂದರೆ, ಚೆನ್ನಾಗಿರುವ ಯಂತ್ರವೂ ನಿಷ್ಪ್ರಯೋಜಕವಾಗುತ್ತದೆ. ಪೆಟ್ಟಿಗೆಯ ಮೇಲೆ ಲಿನಕ್ಸ್ ಎಂದು ಅಚ್ಚಾಗಿದ್ದ ಮಾತ್ರಕ್ಕೆ ತೃಪ್ತರಾಗದೆ, ಇದರ ಡ್ರೈವರ್ ಕರ್ನಲಿನ ಒಳಗಿದೆಯೇ, ಹೊರಗಿದೆಯೇ ಎಂದು ಕೇಳತಕ್ಕದ್ದು. ಒಂದೇ ಒಂದು ಪ್ರಶ್ನೆಯನ್ನು ಕೇಳಲು ಮಾತ್ರ ಅವಕಾಶವಿದ್ದರೆ ನಾನು ಕೇಳುವುದು ಇದನ್ನೇ.

ಆದರೆ ಯಾವುದರ ಡ್ರೈವರ್? ಇಲ್ಲಿ ಬಹುಮಂದಿ ಎಡವುತ್ತಾರೆ. ಮಾರಾಟದ ಹೆಸರು ಬೇರೆ, ಒಳಗಿರುವ ಚಿಪ್ ಬೇರೆ. ಕರ್ನಲಿಗೆ ಗೊತ್ತಿರುವುದು ಚಿಪ್ ಮಾತ್ರ. ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯುಎನ್೭೨೨ಎನ್ ಎಂಬ ಯುಎಸ್‌ಬಿ ವೈ-ಫೈ ಸಾಧನದ ಮೊದಲನೆಯ ಆವೃತ್ತಿಯಲ್ಲಿ ಅಥೆರೋಸ್ ಎಆರ್೯೨೭೧ ಚಿಪ್ ಇದ್ದಿತು; ಲಿನಕ್ಸಿನಲ್ಲಿ ಅದು ಯಾವ ತೊಡಕೂ ಇಲ್ಲದೆ ನಡೆಯುತ್ತಿದ್ದುದರಿಂದ ಬಲ್ಲವರೆಲ್ಲರೂ ಅದನ್ನೇ ಶಿಫಾರಸು ಮಾಡುತ್ತಿದ್ದರು. ಎರಡನೆಯ ಆವೃತ್ತಿಯಲ್ಲಿ ಹೆಸರೂ ಹೊರರೂಪವೂ ಹಾಗೆಯೇ ಇದ್ದು, ಒಳಗಿನ ಚಿಪ್ ಮಾತ್ರ ರಿಯಲ್‌ಟೆಕ್ ಕಂಪನಿಯದಾಯಿತು. ಹಳೆಯ ಶಿಫಾರಸನ್ನು ನಂಬಿ ಹೊಸದನ್ನು ಕೊಂಡವರು ಬಹುಕಾಲ ಹೊರಗಿನ ಡ್ರೈವರುಗಳೊಡನೆ ಹೆಣಗಿದರು. ಬಿತ್ತನೆಯ ಬೀಜವನ್ನು ಕೊಳ್ಳುವ ರೈತನು ಚೀಲದ ಬಣ್ಣವನ್ನು ನೋಡದೆ ತಳಿಯನ್ನು ಕೇಳುವಂತೆ, ನಾವೂ ಚಿಪ್ಪಿನ ಹೆಸರನ್ನು, ಆವೃತ್ತಿಯ ಸಂಖ್ಯೆಯೊಡನೆ, ಕೇಳಬೇಕು. ಇದಕ್ಕೆ ಒಂದು ಖಚಿತವಾದ ಸಾಧನವೂ ಉಂಟು: ಪಿಸಿಐ ಅಥವಾ ಯುಎಸ್‌ಬಿ ಮೂಲಕ ಕೂಡುವ ಪ್ರತಿಯೊಂದು ಅಂಗದಲ್ಲಿಯೂ ತಯಾರಕನನ್ನು ಸೂಚಿಸುವ ನಾಲ್ಕು ಅಕ್ಷರಾಂಕಗಳೂ, ಅಂಗವನ್ನು ಸೂಚಿಸುವ ನಾಲ್ಕು ಅಕ್ಷರಾಂಕಗಳೂ ಅಡಕವಾಗಿರುತ್ತವೆ. ಇಂಟೆಲ್ ಕಂಪನಿಯ ಪಿಸಿಐ ಗುರುತು ೮೦೮೬. ಅದರ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯೇ ಅದು. ಲಿನಕ್ಸಿನಲ್ಲಿ ಎಲ್‌ಎಸ್‌ಪಿಸಿಐ ಮತ್ತು ಎಲ್‌ಎಸ್‌ಯುಎಸ್‌ಬಿ ಎಂಬ ಎರಡು ಆಜ್ಞೆಗಳಿಂದ ಈ ಗುರುತುಗಳೆಲ್ಲವೂ ಪರದೆಯ ಮೇಲೆ ಮೂಡುತ್ತವೆ. ಅಂಗಡಿಯವನ ಮಾತು ತಪ್ಪಬಹುದು, ಪೆಟ್ಟಿಗೆಯ ಬರಹವೂ ತಪ್ಪಬಹುದು. ಈ ಎಂಟು ಅಕ್ಷರಾಂಕಗಳು ತಪ್ಪುವುದು ಬಹಳ ಅಪೂರ್ವ.

ಯಂತ್ರದ ವಯಸ್ಸು ಮುಂದಿನ ವಿಚಾರ. ಮಾರುಕಟ್ಟೆಗೆ ಬಂದ ಮೊದಲ ತಿಂಗಳುಗಳಲ್ಲಿ ಹೊಸ ಪ್ರೊಸೆಸರನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಕೊಂಡವನು, ಅದಕ್ಕೆ ಬೇಕಾದ ಡ್ರೈವರ್ ಕರ್ನಲಿಗೆ ಸೇರಿ, ಆ ಕರ್ನಲ್ ತನ್ನ ಲಿನಕ್ಸ್ ವಿತರಣೆಯನ್ನು ತಲಪುವವರೆಗೆ ಕಾಯಬೇಕಾಗುತ್ತದೆ. ೨೦೧೫ರಲ್ಲಿ ಇಂಟೆಲ್ಲಿನ ಆರನೆಯ ಪೀಳಿಗೆಯನ್ನೂ ೨೦೧೭ರಲ್ಲಿ ಎಎಂಡಿಯ ಮೊದಲ ರೈಜನ್ ಪ್ರೊಸೆಸರುಗಳನ್ನೂ ಆತುರದಿಂದ ಕೊಂಡವರು ಇದನ್ನು ಬಲ್ಲರು. ತೀರ ಹಳೆಯದರ ತೊಡಕು ಬೇರೆ ಬಗೆಯದು. ಲಿನಕ್ಸ್ ಎಂಥ ಹಳೆಯ ಯಂತ್ರಕ್ಕೂ ಜೀವ ತುಂಬುತ್ತದೆಂಬ ಮಾತು ಪ್ರಚಾರದಲ್ಲಿದ್ದರೂ, ಅದು ಹುಟ್ಟಿದ ೩೮೬ ಪ್ರೊಸೆಸರಿಗೇ ಅದರ ಬೆಂಬಲ ೨೦೧೨ರ ಅಂತ್ಯದಲ್ಲಿ ನಿಂತುಹೋಯಿತು. ೨೦೨೫ರ ಆಗಸ್ಟ್ ತಿಂಗಳಿನಲ್ಲಿ ಹೊರಬಂದ, ಡೆಬಿಯನ್ ಎಂಬ ವಿತರಣೆಯ ೧೩ನೆಯ ಆವೃತ್ತಿಯು ಮೂವತ್ತೆರಡು ಬಿಟ್ಟುಗಳ ಗಣಕಗಳಲ್ಲಿ ಹೊಸದಾಗಿ ಸ್ಥಾಪಿಸಿಕೊಳ್ಳುವ ಅವಕಾಶವನ್ನು ತೆಗೆದುಹಾಕಿತು. ಅಂಥ ಹಳೆಯ ಯಂತ್ರ ನಡೆದರೂ ಇಂದಿನ ಬ್ರೌಸರ್ ಅದರಲ್ಲಿ ಉಸಿರಾಡಲಾರದು. ಅತ್ಯಂತ ಲಾಭಕರವಾದ ಪ್ರದೇಶ ಈ ಎರಡು ತುದಿಗಳ ನಡುವೆ ಇದೆ. ಅದನ್ನು ನಮ್ಮ ಕಾಲದಲ್ಲಿ ವಿಸ್ತರಿಸಿದುದು ಮೈಕ್ರೋಸಾಫ್ಟ್ ಕಂಪನಿಯ ಒಂದು ನಿರ್ಣಯ. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧, ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು, ಕೆಲವೇ ಅಪವಾದಗಳನ್ನುಳಿದು, ಅಂಗೀಕರಿಸುವುದಿಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಇದರ ಪರಿಣಾಮವಾಗಿ ನಾಲ್ಕನೆಯ ಪೀಳಿಗೆಯಿಂದ ಏಳನೆಯ ಪೀಳಿಗೆಯವರೆಗಿನ, ದೇಹದಾರ್ಢ್ಯದಲ್ಲಿ ಕುಂದಿಲ್ಲದ ಗಣಕಗಳು ಕಚೇರಿಗಳಿಂದ ರಾಶಿ ರಾಶಿಯಾಗಿ ಹೊರಬೀಳುತ್ತಿವೆ. ಇವುಗಳ ಒಂದೊಂದು ಅಂಗವನ್ನೂ ಲಿನಕ್ಸ್ ವರ್ಷಗಳಿಂದ ಬಲ್ಲದು. ಬಡ ವಿದ್ಯಾರ್ಥಿಗೂ ಗ್ರಾಮಾಂತರದ ಶಾಲೆಗೂ ಇಂಥ ಸಂದರ್ಭ ಹಿಂದೆ ಒದಗಿದುದನ್ನು ನಾನು ಕಾಣೆ.

ಇದಕ್ಕೆ ವಿರುದ್ಧವಾಗಿ, ಹೊಸದೂ ಹೌದು ಅಗ್ಗವೂ ಹೌದೆಂದು ಮಾರಲ್ಪಡುವ ಯಂತ್ರಗಳಲ್ಲಿ ಬಹಳ ಎಚ್ಚರಿಕೆ ಬೇಕು. ೨೦೧೪ರ ಸುಮಾರಿಗೆ ಇಂಟೆಲ್ಲಿನ ಬೇ ಟ್ರೇಲ್ ವರ್ಗದ ಆಟಮ್ ಪ್ರೊಸೆಸರುಳ್ಳ ಪುಟ್ಟ ಲ್ಯಾಪ್‌ಟಾಪುಗಳು ಅತಿ ಕಡಿಮೆ ಬೆಲೆಗೆ ಬಂದವು. ಪ್ರೊಸೆಸರ್ ಅರುವತ್ತನಾಲ್ಕು ಬಿಟ್ಟುಗಳದಾದರೂ ಅನೇಕ ಮಾದರಿಗಳಲ್ಲಿ ಯಂತ್ರವನ್ನು ಆರಂಭಿಸುವ ಯುಇಎಫ್‌ಐ ಮಾತ್ರ ಮೂವತ್ತೆರಡು ಬಿಟ್ಟುಗಳದಾಗಿದ್ದಿತು; ಆದುದರಿಂದ ಸಾಮಾನ್ಯವಾದ ಲಿನಕ್ಸ್ ಪೆನ್ ಡ್ರೈವಿನಿಂದ ಅವು ಆರಂಭವಾಗುತ್ತಲೇ ಇರಲಿಲ್ಲ. ಮದರ್‌ಬೋರ್ಡಿಗೇ ಬೆಸೆದ ಸಣ್ಣ ಸಂಗ್ರಹ, ಹೆಚ್ಚಿಸಲಾಗದ ರ‍್ಯಾಮ್, ಬೆಂಬಲವಿಲ್ಲದ ಧ್ವನಿ, ಆಗಾಗ ಸ್ತಬ್ಧವಾಗುವ ಪ್ರೊಸೆಸರ್ ಇವೆಲ್ಲವೂ ಕೂಡಿ ಅವುಗಳ ಬೆಲೆಯನ್ನು ಅರ್ಥಹೀನವಾಗಿಸಿದವು. ವಿಂಡೋಸ್ ಇಲ್ಲದೆ ಡಾಸ್ ಎಂಬ ಹೆಸರಿನಲ್ಲಿ ನಮ್ಮಲ್ಲಿ ಮಾರುವ ಲ್ಯಾಪ್‌ಟಾಪುಗಳ ವಿಷಯದಲ್ಲಿಯೂ ಒಂದು ಮಾತು: ಅವುಗಳಿಂದ ವಿಂಡೋಸ್ ಪರವಾನಗಿಯ ಹಣ ಉಳಿಯುವುದು ನಿಜ, ಆದರೆ ಡಾಸ್ ನಡೆಯುತ್ತದೆಂಬುದು ಲಿನಕ್ಸಿನ ಹೊಂದಾಣಿಕೆಗೆ ಸಾಕ್ಷ್ಯವಾಗಲಾರದು.

ಗ್ರಾಫಿಕ್ಸ್ ವಿಷಯದಲ್ಲಿ ಲಿನಕ್ಸಿನ ಇತಿಹಾಸವು ತಯಾರಕರ ಮನೋಧರ್ಮಗಳ ಇತಿಹಾಸವೇ ಆಗಿದೆ. ಪ್ರೊಸೆಸರಿನೊಡನೆಯೇ ಬರುವ ತನ್ನ ಗ್ರಾಫಿಕ್ಸಿಗೆ ಇಂಟೆಲ್ ತಾನೇ ಮುಕ್ತ ಡ್ರೈವರನ್ನು ಬರೆದು ಕರ್ನಲಿಗೆ ಸೇರಿಸುತ್ತ ಬಂದಿದೆ. ೨೦೦೬ರಲ್ಲಿ ಎಟಿಐ ಕಂಪನಿಯನ್ನು ಕೊಂಡ ಎಎಂಡಿ ಮರುವರ್ಷದಿಂದ ತನ್ನ ಚಿಪ್ಪುಗಳ ವಿವರಗಳನ್ನು ಪ್ರಕಟಿಸತೊಡಗಿತು. ಅದರ ಫಲವಾಗಿ ಇಂದು ಹತ್ತು ವರ್ಷ ಹಳೆಯ ಎಎಂಡಿ ಕಾರ್ಡೂ ಹೊಸ ಲಿನಕ್ಸಿನಲ್ಲಿ ನೆಮ್ಮದಿಯಿಂದ ನಡೆಯುತ್ತದೆ. ಎನ್‌ವಿಡಿಯಾ ಬಹುಕಾಲ ಮುಚ್ಚಿದ ಡ್ರೈವರನ್ನು ಮಾತ್ರ ಕೊಟ್ಟಿತು. ೨೦೧೨ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾನಿಲಯದ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ಅವರು ಆ ಕಂಪನಿಯನ್ನು ಬಹಿರಂಗವಾಗಿ, ಕಟುವಾಗಿ ಖಂಡಿಸಿದ್ದು ಈ ಕಾರಣದಿಂದಲೇ. ೨೦೨೨ರ ಮೇ ತಿಂಗಳಿನಲ್ಲಿ ಅದು ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಮುಕ್ತಗೊಳಿಸಿತಾದರೂ, ಆ ಅನುಗ್ರಹವು ೨೦೧೮ರಲ್ಲಿ ಆರಂಭವಾದ ಟ್ಯೂರಿಂಗ್ ಪೀಳಿಗೆಗೂ ಅದರ ನಂತರದವುಗಳಿಗೂ ಸೀಮಿತ. ಮಿತವ್ಯಯದವನು ಕೊಳ್ಳುವುದು ಅದಕ್ಕಿಂತ ಹಿಂದಿನವುಗಳನ್ನೇ ಎಂಬುದು ಇಲ್ಲಿನ ತೊಡಕು. ಅಂಗಡಿಗಳಲ್ಲಿ ಹೇರಳವಾಗಿ ದೊರೆಯುವ ಜೀಫೋರ್ಸ್ ೨೧೦ ಕಾರ್ಡಿನ ಮುಚ್ಚಿದ ಡ್ರೈವರಿಗೆ ೨೦೧೯ರ ಅಂತ್ಯದಲ್ಲಿಯೂ ಜಿಟಿ ೭೧೦ ಕಾರ್ಡಿನದಕ್ಕೆ ೨೦೨೪ರಲ್ಲಿಯೂ ಆಯುಷ್ಯ ಮುಗಿಯಿತು. ಊಹೆಯಿಂದ ಕಟ್ಟಿದ ನೂವೋ ಎಂಬ ಮುಕ್ತ ಡ್ರೈವರ್ ಪರದೆಯ ಮೇಲೆ ಚಿತ್ರವನ್ನು ತೋರಿಸುತ್ತದೆ. ಆದರೆ ಕಾರ್ಡಿನ ವೇಗವನ್ನು ಹೆಚ್ಚಿಸುವ ವಿದ್ಯೆ ಅದಕ್ಕೆ ಅನೇಕ ಕಾರ್ಡುಗಳಲ್ಲಿ ಕೈವಶವಾಗಿಲ್ಲ. ನನ್ನ ಸಲಹೆ ಸ್ಪಷ್ಟವಾದುದು: ಬರೆಹ, ಲೆಕ್ಕ, ಓದು, ವೀಡಿಯೊ ನೋಟ ಇಷ್ಟಕ್ಕೆ ಪ್ರತ್ಯೇಕ ಕಾರ್ಡು ಬೇಡವೇ ಬೇಡ. ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಕು. ಇಂಟೆಲ್ಲಿನ ಏಳನೆಯ ಪೀಳಿಗೆಯಲ್ಲಿ ಯೂಟ್ಯೂಬ್ ಬಳಸುವ ವಿಪಿ೯ ಮಾದರಿಯ ವೀಡಿಯೊವನ್ನು ಬಿಡಿಸುವ ಅಂಗವೂ ಇರುವುದರಿಂದ ಪ್ರೊಸೆಸರಿಗೆ ಶ್ರಮವಾಗದು.

ಇಂಟೆಲ್ ಎಂಬ ಹೆಸರು ಕೂಡ ನಿರಪವಾದವಾದ ಭರವಸೆಯಲ್ಲ. ೨೦೦೮ರ ಆಟಮ್ ಗಣಕಗಳಲ್ಲಿದ್ದ ಜಿಎಂಎ ೫೦೦ ಗ್ರಾಫಿಕ್ಸು ಇಂಟೆಲ್ಲಿನ ಸ್ವಂತದ್ದಾಗಿರದೆ ಪವರ್‌ವಿಆರ್ ಎಂಬ ಬೇರೆ ಮನೆತನದಿಂದ ಪಡೆದುದಾಗಿತ್ತು. ಮುಕ್ತ ಡ್ರೈವರಿಲ್ಲದೆ ಆ ಪುಟ್ಟ ಗಣಕಗಳು ಲಿನಕ್ಸಿನಲ್ಲಿ ಕುಂಟಿದವು. ಚಿಪ್ಪಿನ ಕುಲವನ್ನು ವಿಚಾರಿಸಬೇಕೆಂದು ಮೇಲೆ ಹೇಳಿದುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನ ಬೇಡ.

ವೈ-ಫೈಯ ಪ್ರಕರಣವು ಇನ್ನೂ ದೀರ್ಘವಾದುದು. ಈ ಶತಮಾನದ ಮೊದಲ ದಶಕದಲ್ಲಿ ಲ್ಯಾಪ್‌ಟಾಪಿನಲ್ಲಿ ಬ್ರಾಡ್‌ಕಾಮ್ ಚಿಪ್ ಇದ್ದರೆ, ವಿಂಡೋಸ್ ಡ್ರೈವರನ್ನೇ ಎನ್‌ಡಿಐಎಸ್‌ವ್ರ್ಯಾಪರ್ ಎಂಬ ಸಾಧನದ ಮೂಲಕ ಲಿನಕ್ಸಿನೊಳಗೆ ಕೂರಿಸಬೇಕಾಗುತ್ತಿತ್ತು. ಇಲ್ಲವೇ ಊಹೆಯಿಂದ ಕಟ್ಟಿದ ಡ್ರೈವರನ್ನು ಬಳಸಿ, ಅದಕ್ಕೆ ಬೇಕಾದ, ಚಿಪ್ಪಿನೊಳಗೆ ನಡೆಯುವ ತಂತ್ರಾಂಶವಾದ ಫರ್ಮ್‌ವೇರನ್ನು ವಿಂಡೋಸ್ ಕಡತದಿಂದ ಕತ್ತರಿಸಿ ತೆಗೆಯಬೇಕಾಗುತ್ತಿತ್ತು. ೨೦೧೦ರಲ್ಲಿ ಬ್ರಾಡ್‌ಕಾಮ್ ತನ್ನ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರನ್ನು ಕೊಟ್ಟಿತು. ಇಂದಿನ ಸ್ಥಿತಿ ಎಷ್ಟೋ ಮೇಲು. ಇಂಟೆಲ್ ವೈ-ಫೈ ಕಾರ್ಡುಗಳ ಡ್ರೈವರ್ ಕರ್ನಲಿನಲ್ಲಿದೆ; ಅಥೆರೋಸ್ ಚಿಪ್ಪುಗಳ ಎಟಿಎಚ್೯ಕೆ ವರ್ಗಕ್ಕಂತೂ ಫರ್ಮ್‌ವೇರನ್ನು ತುಂಬುವ ಅಗತ್ಯವೂ ಇಲ್ಲ; ಮೀಡಿಯಾಟೆಕ್ ಚಿಪ್ಪುಗಳಲ್ಲಿ ಎಂಟಿ೭೬ ಡ್ರೈವರಿಗೆ ಸೇರುವವು ವಿಶ್ವಾಸಾರ್ಹವಾದವು. ತೊಂದರೆ ಉಳಿದಿರುವುದು ಮುಖ್ಯವಾಗಿ ಅತ್ಯಂತ ಅಗ್ಗದ ಯುಎಸ್‌ಬಿ ಡಾಂಗಲುಗಳಲ್ಲಿ. ಅವುಗಳ ರಿಯಲ್‌ಟೆಕ್ ಚಿಪ್ಪುಗಳಿಗೆ ಕರ್ನಲಿನೊಳಗೆ ಡ್ರೈವರುಗಳು ಈಚೆಗೆ ಒಂದೊಂದಾಗಿ ಸೇರುತ್ತಿವೆಯಾದರೂ, ಯಾವುದು ಸೇರಿದೆ ಯಾವುದು ಇಲ್ಲ ಎಂಬುದನ್ನು ಚಿಪ್ಪಿನ ಸಂಖ್ಯೆಯೊಡನೆ ಹುಡುಕಿ ನೋಡಬೇಕು. ಡೆಸ್ಕ್‌ಟಾಪಿನಲ್ಲಿ ತಂತಿಯ ಜಾಲ ಸಾಧ್ಯವಿದ್ದಲ್ಲಿ ಈ ಚಿಂತೆಯೇ ಬೇಡ; ಮದರ್‌ಬೋರ್ಡಿನ ಈಥರ್ನೆಟ್ ಇಂಟೆಲ್ಲಿನದಾಗಲಿ ರಿಯಲ್‌ಟೆಕ್ಕಿನದಾಗಲಿ ಸಾಮಾನ್ಯವಾಗಿ ಮೊದಲ ಕ್ಷಣದಿಂದಲೇ ನಡೆಯುತ್ತದೆ. ಡೆಬಿಯನ್ ಸಮುದಾಯವು ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಸ್ಥಾಪನ ಪ್ರತಿಯೊಳಗೆ ಸೇರಿಸಲು ೨೦೨೨ರಲ್ಲಿ ಮತದಾನದ ಮೂಲಕ ನಿರ್ಣಯಿಸಿ, ೨೦೨೩ರ ಡೆಬಿಯನ್ ೧೨ರಿಂದ ಜಾರಿಗೆ ತಂದಿತು. ತತ್ತ್ವನಿಷ್ಠರಿಗೆ ಇದರಿಂದ ವ್ಯಥೆಯಾದುದು ಸಹಜ. ಆದರೂ ಜಾಲಸಂಪರ್ಕವಿಲ್ಲದೆ ಫರ್ಮ್‌ವೇರ್ ದೊರೆಯದು, ಫರ್ಮ್‌ವೇರ್ ಇಲ್ಲದೆ ಜಾಲಸಂಪರ್ಕ ದೊರೆಯದು ಎಂಬ ಬಿಕ್ಕಟ್ಟಿನಲ್ಲಿ ಸಿಲುಕುತ್ತಿದ್ದ ಹೊಸಬರಿಗೆ ಅದು ದೊಡ್ಡ ಉಪಕಾರವಾಯಿತು.

ಪ್ರಿಂಟರಿನ ವಿಷಯದಲ್ಲಿ ನಮ್ಮ ನಾಡಿನ ಅಗ್ಗದ ಲೇಸರ್ ಪ್ರಿಂಟರುಗಳೇ ಲಿನಕ್ಸಿಗೆ ಹೆಚ್ಚು ಕಷ್ಟ ಕೊಟ್ಟಿವೆ. ಜೆರಾಕ್ಸ್ ಅಂಗಡಿಗಳಲ್ಲಿ, ವಕೀಲರ ಕಚೇರಿಗಳಲ್ಲಿ ಚಿರಪರಿಚಿತವಾದ ಕ್ಯಾನನ್ ಎಲ್‌ಬಿಪಿ೨೯೦೦ ಗಟ್ಟಿಮುಟ್ಟಾದ ಯಂತ್ರ. ಆದರೆ ಅದು ಕ್ಯಾಪ್ಟ್ ಎಂಬ ತನ್ನದೇ ಖಾಸಗಿ ಭಾಷೆಯನ್ನು ಮಾತ್ರ ಅರಿಯುತ್ತದೆ, ಪುಟವನ್ನು ರೂಪಿಸುವ ಕೆಲಸವನ್ನೆಲ್ಲ ಗಣಕಕ್ಕೇ ಬಿಡುತ್ತದೆ. ಕಂಪನಿಯು ಲಿನಕ್ಸಿಗಾಗಿ ಕೊಟ್ಟ ಡ್ರೈವರ್ ಮೂವತ್ತೆರಡು ಬಿಟ್ಟುಗಳ ಹಳೆಯ ಕಡತಗಳನ್ನು ಅವಲಂಬಿಸಿದುದಾಗಿ, ಹೊಸ ವಿತರಣೆಗಳಲ್ಲಿ ಅದನ್ನು ಕೂಡಿಸುವುದು ಪ್ರಯಾಸ. ಎಚ್‌ಪಿ ಲೇಸರ್‌ಜೆಟ್ ೧೦೨೦ ವಿದ್ಯುತ್ತು ಹೋಗಿ ಬಂದಾಗಲೆಲ್ಲ ತನ್ನ ಫರ್ಮ್‌ವೇರನ್ನು ಗಣಕದಿಂದ ಮತ್ತೆ ಬೇಡುತ್ತದೆ. ಒಮ್ಮೆ ಸರಿಯಾಗಿ ಅಳವಡಿಸಿದರೆ ನಡೆಯುತ್ತದೆ, ಆದರೆ ಅಳವಡಿಸುವುದಕ್ಕೆ ಬಲ್ಲವರು ಬೇಕು. ಇವುಗಳ ಎದುರಿಗೆ ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಎಂಬ ಸರ್ವಸಾಮಾನ್ಯ ಮುದ್ರಣಭಾಷೆಯನ್ನು ಬಲ್ಲ ಪ್ರಿಂಟರುಗಳು ಸ್ವಲ್ಪ ತುಟ್ಟಿಯಾದರೂ ಎಲ್ಲ ಕಾಲಕ್ಕೂ ನಿಲ್ಲುವಂಥವು. ೧೯೯೯ರಲ್ಲಿ ಮೊದಲು ಹೊರಬಂದ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯು ಲಿನಕ್ಸಿನ ಮುದ್ರಣಕ್ಕೆ ತಳಹದಿಯಾಗಿದ್ದು, ಈಗ ಡ್ರೈವರಿನ ಅಗತ್ಯವೇ ಇಲ್ಲದ ಐಪಿಪಿ ಪದ್ಧತಿಯ ಕಡೆಗೆ ಅದು ಸಾಗುತ್ತಿದೆ. ಹೊಸ ಪ್ರಿಂಟರನ್ನು ಕೊಳ್ಳುವವರು ಅದರ ವಿವರಪಟ್ಟಿಯಲ್ಲಿ ಏರ್‌ಪ್ರಿಂಟ್ ಅಥವಾ ಐಪಿಪಿ ಎವೆರಿವೇರ್ ಎಂಬ ಉಲ್ಲೇಖವಿದೆಯೇ ಎಂದು ನೋಡಿದರೆ ಸಾಕು. ಫೋನಿಗಾಗಿ ಮಾಡಿದ ಆ ಏರ್ಪಾಡಿನ ಫಲ ಲಿನಕ್ಸಿಗೂ ದೊರೆಯುತ್ತದೆ.

ಉಳಿದ ಅಂಗಗಳಲ್ಲಿ ಚಿಂತೆಗೆ ಅವಕಾಶ ಕಡಿಮೆ. ಯುಎಸ್‌ಬಿ ಕೀಲಿಮಣೆ, ಮೌಸ್, ಪೆನ್ ಡ್ರೈವ್, ಬಹುತೇಕ ವೆಬ್ ಕ್ಯಾಮೆರಾಗಳು ಎಲ್ಲ ತಯಾರಕರಿಗೂ ಸಮಾನವಾದ ನಿಯಮಗಳಿಗೆ ಒಳಪಟ್ಟವಾದುದರಿಂದ ಒಂದೊಂದು ವರ್ಗಕ್ಕೆ ಒಂದೇ ಡ್ರೈವರಿನಿಂದ ಎಲ್ಲವೂ ನಡೆಯುತ್ತವೆ. ಆದರೆ ಬೆರಳಚ್ಚು ಓದುವ ಸಾಧನವೂ ಹೀಗೆಯೇ ನಡೆದೀತೆಂದು ನಂಬಿ ಲ್ಯಾಪ್‌ಟಾಪನ್ನು ಆರಿಸಬಾರದು. ಹಳೆಯ ಗಣಕಕ್ಕೆ ಮಾಡಬಹುದಾದ ಅತ್ಯುತ್ತಮ ವೆಚ್ಚವೆಂದರೆ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಒಂದು ಸಾಟಾ ಎಸ್‌ಎಸ್‌ಡಿ. ಅನಂತರ ಎಂಟು ಜಿಬಿ ರ‍್ಯಾಮ್. ರ‍್ಯಾಮಿನಲ್ಲಿಯೂ ಎಎಂಡಿ ಮದರ್‌ಬೋರ್ಡುಗಳಲ್ಲಿ ಮಾತ್ರ ನಡೆಯುವ ಡಿಡಿಆರ್೩ ಹಲಗೆಗಳು ವಿಶೇಷವಾಗಿ ಅಗ್ಗದ ಬೆಲೆಗೆ ಬರುತ್ತವೆ. ಅವು ಇಂಟೆಲ್ ಗಣಕಕ್ಕೆ ಒದಗುವುದಿಲ್ಲ. ಲ್ಯಾಪ್‌ಟಾಪಿನ ಬಯಾಸಿನಲ್ಲಿ ಸಂಗ್ರಹದ ವಿಧಾನವು ಆರ್‌ಎಸ್‌ಟಿ ಎಂದಿದ್ದರೆ ಲಿನಕ್ಸ್ ಸ್ಥಾಪನೆಗೆ ಡಿಸ್ಕೇ ಕಾಣದೆ ಹೋಗಬಹುದು. ಎಎಚ್‌ಸಿಐ ಎಂದು ಬದಲಾಯಿಸಿದರೆ ಕಾಣುತ್ತದೆ. ಇದನ್ನು ಅರಿಯದೆ ಡಿಸ್ಕ್ ಕೆಟ್ಟಿದೆಯೆಂದು ತೀರ್ಮಾನಿಸಿದವರುಂಟು.

ಇನ್ನು ಅಸೆಂಬಲ್ ಮಾಡಿಸುವುದೋ, ಬಳಸಿದ ಯಂತ್ರವನ್ನು ಕೊಳ್ಳುವುದೋ ಎಂಬ ಪ್ರಶ್ನೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌.ಪಿ. ರೋಡ್, ಹೊಸ ಮತ್ತು ಹಳೆಯ ಬಿಡಿಭಾಗಗಳೆರಡಕ್ಕೂ ದೇಶದಲ್ಲಿ ಹೆಸರಾದ ಪೇಟೆ. ದೆಹಲಿಗೆ ನೆಹರೂ ಪ್ಲೇಸ್, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ಹಾಗೆ. ಹಿಂದೆ ಅಸೆಂಬಲ್ಡ್ ಗಣಕವೇ ಅಗ್ಗವಾಗಿದ್ದಿತು. ಈಗ, ಹೊಸ ಮದರ್‌ಬೋರ್ಡು, ಪ್ರೊಸೆಸರು, ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್, ಕ್ಯಾಬಿನೆಟ್ಟುಗಳ ಬೆಲೆ ಕೂಡಿಸಿದ ಮೊತ್ತವನ್ನು, ಕಚೇರಿಯಿಂದ ಹೊರಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಮುಂತಾದವುಗಳ ಬೆಲೆಯೊಡನೆ ಹೋಲಿಸಿದರೆ, ಸಾಮಾನ್ಯ ಕೆಲಸಕ್ಕೆ ಎರಡನೆಯದೇ ಲಾಭ. ಇವು ಸಾವಿರಾರು ಸಂಖ್ಯೆಯಲ್ಲಿ ಒಂದೇ ಮಾದರಿಯಲ್ಲಿ ತಯಾರಾದುದರಿಂದ ಇವುಗಳ ಗುಣದೋಷಗಳನ್ನು ಯಾರೋ ಒಬ್ಬರು ಆಗಲೇ ಕಂಡು ಬರೆದಿಟ್ಟಿರುತ್ತಾರೆ. ಶಾಲೆಯ ಪ್ರಯೋಗಾಲಯಕ್ಕೆ ಒಂದೇ ಮಾದರಿಯ ಹತ್ತು ಯಂತ್ರಗಳನ್ನು ಕೊಂಡರೆ, ಒಂದರಲ್ಲಿ ಮಾಡಿದ ಸ್ಥಾಪನೆಯನ್ನೇ ಒಂಬತ್ತಕ್ಕೂ ನಕಲು ಮಾಡಬಹುದು. ದೋಷವೂ ಉಂಟು. ಇವುಗಳ ಚಿಕ್ಕ ಆಕಾರದ ಮಾದರಿಗಳಲ್ಲಿ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡುಗಳು ಆಯಾ ಕಂಪನಿಯ ವಿಶಿಷ್ಟ ಅಳತೆಯವು. ಸುಟ್ಟುಹೋದರೆ ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ ಒಳಗೆ ಕೂರುವುದಿಲ್ಲ. ವಿದ್ಯುತ್ತಿನ ಏರಿಳಿತ ಹೆಚ್ಚಾಗಿರುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಅಂಥಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಇರುವ ಅಸೆಂಬಲ್ಡ್ ಯಂತ್ರವನ್ನೇ ನಾನು ಆರಿಸುತ್ತೇನೆ.

ಇಡೀ ಗಣಕವನ್ನೇ ಒಳಗೊಂಡ ಅಂಗೈಯಗಲದ ಹಲಗೆಗಳ ವಿಷಯವನ್ನು ಹೇಳದಿದ್ದರೆ ಸಮೀಕ್ಷೆ ಅಪೂರ್ಣವಾಗುತ್ತದೆ. ೨೦೧೨ರ ಫೆಬ್ರವರಿ ೨೯ರಂದು ಇಂಗ್ಲೆಂಡಿನಿಂದ ೩೫ ಡಾಲರುಗಳ ರಾಸ್ಪ್‌ಬೆರಿ ಪೈ ಬಂದಾಗ ಲೋಕವೇ ಬೆರಗಾಯಿತು. ಆದರೆ ಅದಕ್ಕೂ ದಶಕದ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ವಿದ್ವಾಂಸರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರುಗಳೊಡನೆ ಕೂಡಿ ಸಿಂಪ್ಯೂಟರನ್ನು ರಚಿಸಿದ್ದರು. ೨೦೦೧ರಲ್ಲಿ ಪ್ರದರ್ಶಿತವಾದ ಆ ಅಂಗೈ ಗಣಕವು ಲಿನಕ್ಸನ್ನೇ ಅವಲಂಬಿಸಿ, ಅನಕ್ಷರಸ್ಥರಿಗೂ ನಿಲುಕುವಂತೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಗುರಿಯನ್ನಿಟ್ಟುಕೊಂಡಿತ್ತು; ೨೦೦೪ರಲ್ಲಿ ಅಮಿಡಾ ಎಂಬ ಹೆಸರಿನ ಅದರ ರೂಪವೊಂದನ್ನು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಎಣಿಸಿದಷ್ಟು ಸಂಖ್ಯೆಯಲ್ಲಿ ಅದು ಮಾರಾಟವಾಗಲಿಲ್ಲ, ಸಂಖ್ಯೆ ಹೆಚ್ಚದೆ ಬೆಲೆ ಇಳಿಯಲಿಲ್ಲ. ಅದರ ಕಲ್ಪನೆಯ ಔನ್ನತ್ಯಕ್ಕೆ ಇದರಿಂದ ಕುಂದಿಲ್ಲ. ಯಂತ್ರಾಂಶದ ಮಿತವ್ಯಯವು ಬಹುಸಂಖ್ಯೆಯ ಬಳಕೆಯಿಂದ ಮಾತ್ರ ಸಿದ್ಧಿಸುತ್ತದೆಂಬುದಕ್ಕೆ ಮಾತ್ರ ಅದು ನಿದರ್ಶನ. ರಾಸ್ಪ್‌ಬೆರಿ ಪೈ ಗೆದ್ದುದು ಇಲ್ಲಿಯೇ. ೨೦೧೪ರಲ್ಲಿ ಬ್ರಾಡ್‌ಕಾಮ್ ಅದರ ಗ್ರಾಫಿಕ್ಸ್ ಅಂಗದ ವಿವರಗಳನ್ನು ಪ್ರಕಟಿಸಿದುದೂ, ಹಳೆಯ ಹಲಗೆಗಳಿಗೂ ಹೊಸ ತಂತ್ರಾಂಶ ಬರುತ್ತಲೇ ಇರುವುದೂ ಅದರ ಬಲ. ಅದಕ್ಕಿಂತ ಅಗ್ಗವೂ ವೇಗವೂ ಆದ ಚೀನಾ ದೇಶದ ಹಲಗೆಗಳು ಅನೇಕವಿದ್ದರೂ, ತಯಾರಕನು ಒಮ್ಮೆ ಕೊಟ್ಟ ಹಳೆಯ ಕರ್ನಲಿಗೆ ಅವುಗಳಲ್ಲಿ ಹಲವು ಕಟ್ಟುಬಿದ್ದಿರುತ್ತವೆ. ಪಿಸಿಯಂತೆ ತನ್ನ ಅಂಗಗಳನ್ನು ತಾನೇ ನಿವೇದಿಸಿಕೊಳ್ಳುವ ಕ್ರಮ ಆರ್ಮ್ ಪ್ರೊಸೆಸರಿನ ಈ ಹಲಗೆಗಳಲ್ಲಿ ಇಲ್ಲದಿರುವುದರಿಂದ, ಪ್ರತಿಯೊಂದು ಹಲಗೆಗೂ ಪ್ರತ್ಯೇಕವಾದ ವಿವರಣಾ ಕಡತ ಬೇಕು. ಅಲ್ಲದೆ ಅಡಾಪ್ಟರು, ಮೆಮೊರಿ ಕಾರ್ಡು, ಕವಚ, ತಂತಿ ಇವೆಲ್ಲವನ್ನೂ ಕೂಡಿಸಿದ ಮೇಲೆ ಹಲಗೆಯ ಒಟ್ಟು ವೆಚ್ಚವು ಬಳಸಿದ ಡೆಸ್ಕ್‌ಟಾಪಿನ ಬೆಲೆಯನ್ನು ಸಮೀಪಿಸುತ್ತದೆ. ವಿದ್ಯುತ್ತಿನ ಮಿತವ್ಯಯವೇ ಮುಖ್ಯವಾದಲ್ಲಿ ಮಾತ್ರ ಹಲಗೆ ಮೇಲು. ೨೦೨೫ರಲ್ಲಿ ಕರ್ನಾಟಕ ಸರ್ಕಾರವು ತನ್ನ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಮುಂದಿಟ್ಟ ಕಿಯೋ ಎಂಬ ಅಗ್ಗದ ಗಣಕವು ರಿಸ್ಕ್-ವಿ ಪ್ರೊಸೆಸರನ್ನೂ ಲಿನಕ್ಸನ್ನೂ ಆಶ್ರಯಿಸಿದೆ. ರಿಸ್ಕ್-ವಿ ಆಜ್ಞಾಸಮೂಹವು ಮುಕ್ತವಾದುದು. ಆದರೆ ಆಜ್ಞಾಸಮೂಹ ಮುಕ್ತವಾದ ಮಾತ್ರಕ್ಕೆ ಚಿಪ್ಪಿನ ಎಲ್ಲ ಅಂಗಗಳೂ ಮುಕ್ತವಾಗುವುದಿಲ್ಲ. ರಿಸ್ಕ್-ವಿ ಚಿಪ್ಪುಗಳಲ್ಲಿ ಹಲವಕ್ಕೆ ಗ್ರಾಫಿಕ್ಸ್ ಅಂಗವಾಗಿ ಬರುತ್ತಿರುವುದು ಮೇಲೆ ಹೇಳಿದ ಪವರ್‌ವಿಆರ್ ಮನೆತನವೇ. ಅದರ ಹೊಸ ಪೀಳಿಗೆಗೆ ಮುಕ್ತ ಡ್ರೈವರೊಂದು ೨೦೨೪ರಲ್ಲಿ ಕರ್ನಲಿನ ೬.೮ನೆಯ ಆವೃತ್ತಿಯೊಳಗೆ ಪ್ರವೇಶ ಪಡೆದಿರುವುದು ಶುಭಸೂಚನೆ.

ಕೊನೆಯದಾಗಿ ಪರೀಕ್ಷೆಯ ಕ್ರಮ. ಲಿನಕ್ಸನ್ನು ಡಿಸ್ಕಿನಲ್ಲಿ ಸ್ಥಾಪಿಸದೆ ಪೆನ್ ಡ್ರೈವಿನಿಂದಲೇ ನಡೆಸಬಹುದಾದುದು ಕೊಳ್ಳುವವನಿಗೆ ದೊರೆತಿರುವ ಅಪೂರ್ವ ಸೌಕರ್ಯ. ಬಳಸಿದ ಯಂತ್ರವನ್ನು ಮಾರುವ ಅಂಗಡಿಯವರು ಸಾಮಾನ್ಯವಾಗಿ ಇದಕ್ಕೆ ಅಡ್ಡಿ ಮಾಡುವುದಿಲ್ಲ; ಅಡ್ಡಿ ಮಾಡುವಲ್ಲಿ ಕೊಳ್ಳಬಾರದು. ಯಂತ್ರ ಆರಂಭವಾದೊಡನೆ ಫೋನಿನ ಹಾಟ್‌ಸ್ಪಾಟಿಗೆ ವೈ-ಫೈಯನ್ನು ಕೂಡಿಸಿ ನೋಡಬೇಕು. ಹಾಡೊಂದನ್ನು ನುಡಿಸಿ ಹೆಡ್‌ಫೋನ್ ಕಿಂಡಿಯಲ್ಲಿಯೂ ಕೇಳಬೇಕು. ವೀಡಿಯೊವನ್ನು ಪೂರ್ಣ ಪರದೆಯಲ್ಲಿ ಕೆಲವು ನಿಮಿಷ ನಡೆಸಿ ಪಂಖದ ಸದ್ದನ್ನು ಗಮನಿಸಬೇಕು. ಯುಎಸ್‌ಬಿ ಕಿಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ದಿನಾಂಕ ತಪ್ಪಾಗಿ ತೋರಿದರೆ ಹೆದರಬೇಕಾಗಿಲ್ಲ. ಮದರ್‌ಬೋರ್ಡಿನ ಸಿಆರ್೨೦೩೨ ಸೆಲ್ ಮುಗಿದಿರುತ್ತದೆ, ಅಲ್ಪ ಬೆಲೆಗೆ ಹೊಸದು ಸಿಗುತ್ತದೆ. ಆದರೆ ಅದನ್ನು ಹಾಗೆಯೇ ಬಿಟ್ಟರೆ ದಿನಾಂಕದ ವ್ಯತ್ಯಾಸದಿಂದ ಬ್ಯಾಂಕಿನ ಪುಟಗಳೂ ಸರ್ಕಾರಿ ಪುಟಗಳೂ ತೆರೆಯದೆ ಹೋಗಬಹುದು. ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ತೆಗೆಸಿ ಕೆಪಾಸಿಟರುಗಳ ತಲೆ ಉಬ್ಬಿಲ್ಲವೆಂಬುದನ್ನು ಕಣ್ಣಾರೆ ನೋಡತಕ್ಕದ್ದು. ಲ್ಯಾಪ್‌ಟಾಪಾದರೆ ಮುಚ್ಚಳವನ್ನು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದು, ಪರದೆಯೂ ವೈ-ಫೈಯೂ ಮೊದಲಿನಂತೆ ಎಚ್ಚರಗೊಳ್ಳುತ್ತವೆಯೇ ಎಂದು ನೋಡಬೇಕು. ಉಳಿದೆಲ್ಲದರಲ್ಲಿ ಉತ್ತೀರ್ಣವಾದ ಯಂತ್ರವೂ ಈ ಒಂದು ಪರೀಕ್ಷೆಯಲ್ಲಿ ಸೋಲುವುದುಂಟು, ಮತ್ತು ಆ ದೋಷವು ಬಯಾಸಿನ ಹೊಸ ಆವೃತ್ತಿಯಿಂದ ಸರಿಹೋಗದಿದ್ದರೆ ಕೊಂಡವನಿಂದ ಸರಿಪಡಿಸಲು ಸಾಧ್ಯವಾಗುವುದು ವಿರಳ.